ಮೊದಲು ಸಾವಕಾಶ ಸೈಕಲ್ ಹೊಡೆಯೋಣ

ಭಾನುವಾರ ಬೆಳಿಗ್ಗೆ ಬೆಳಗಾವಿಯಿಂದ ರಾಜಹಂಸಗಡದ ಕಡೆ ಹೋದರೆ ಈಗ ಮೌಂಟೇನ್ ಬೈಕುಗಳು, ಅಂದರೆ ಗುಡ್ಡದ ದಾರಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್ಲುಗಳು ಕಾಣುತ್ತವೆ. ಡಾಂಬರು ಬಿಟ್ಟು ಗುಡ್ಡದ ಕಾಲುದಾರಿಗೆ ಇಳಿಯುವ ಹುಡುಗ ಹುಡುಗಿಯರು ಜಾಸ್ತಿ ಆಗಿದ್ದಾರೆ. ನನಗಂತೂ ಇದು ತುಂಬಾ ಖುಷಿಯ ವಿಷಯ. ಆದರೆ ಅವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಮುಂದ ಯಾವ ಸೈಕಲ್ ತಗೋಬೇಕ್ರಿ?" ಸಸ್ಪೆನ್ಷನ್ (ಕುಲುಕಾಟ ತಡೆಯುವ ಸ್ಪ್ರಿಂಗಿನಂಥ ವ್ಯವಸ್ಥೆ) ಎಷ್ಟಿರಬೇಕು, ಗಾಲಿ 27.5 ಇಂಚಿನದೋ 29 ಇಂಚಿನದೋ, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಬೇಕೇ ಬೇಕಾ. ಕಲ್ಲು ಬಂದಾಗ ಮೈ ಎಲ್ಲಿಡಬೇಕು, ಬ್ರೇಕ್ ಯಾವಾಗ ಬಿಡಬೇಕು ಅಂತ ಕೇಳುವವರು ಕಡಿಮೆ.

ನಾನು ಹೇಳುವುದು ಇಷ್ಟೇ. ಸೈಕಲ್ ಬದಲಿಸುವ ಯೋಚನೆ ಒಂದು ವರ್ಷ ಬದಿಗಿಡಿ. ಆ ವರ್ಷ ಪೂರ್ತಿ ಸಾವಕಾಶ ಸೈಕಲ್ ಹೊಡೆಯೋದನ್ನ ಕಲೀರಿ. ಪಕ್ಕದಲ್ಲಿ ನಡೆದು ಹೋಗುವವರಿಗಿಂತಲೂ ಸಾವಕಾಶ.

ವೇಗವಾಗಿ ಹೋಗುವಾಗ ಸಣ್ಣ ಕಲ್ಲುಗಳ ಮೇಲೆ ಗಾಲಿ ತಾನಾಗೇ ಹಾಯ್ದು ಹೋಗುತ್ತದೆ. ನಮಗೆ ಎಲ್ಲಾ ಬರುತ್ತೆ ಅನ್ನಿಸುತ್ತದೆ. ಕಡಿದಾದ ಏರಿನಲ್ಲಿ, ಇಕ್ಕಟ್ಟಿನ ತಿರುವಿನಲ್ಲಿ, ಹಳ್ಳ ದಾಟುವ ಕಡೆ ಆ ವೇಗ ಇರುವುದಿಲ್ಲ. ಅಲ್ಲೇ ತೋಲ ತಪ್ಪುವುದು. ಇಳಿಜಾರಿನಲ್ಲಿ ಸುಮ್ನೆ ಬಿಟ್ಟುಕೊಂಡು ಬಂದವರು ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದನ್ನ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಒಳ್ಳೆಯ ಸೈಕಲ್ ಬಂದ ಮೇಲೆ ಕಲಿಯೋಣ ಅನ್ನುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಈ ಆಟ ಈಗಿನ ರೂಪ ಪಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೌಂಟ್ ಟಮಲ್ಪೈಸ್ ಅನ್ನುವ ಬೆಟ್ಟದ ಸುತ್ತಮುತ್ತ. 1970ರ ದಶಕದಲ್ಲಿ ಅಲ್ಲಿನ ಹುಡುಗರು ಹಳೇ ಕಾಲದ ಭಾರವಾದ, ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಇಳಿಸುತ್ತಿದ್ದರು. ಸಸ್ಪೆನ್ಷನ್ ಇಲ್ಲ. ಬ್ರೇಕ್ ಅಂದರೆ ಪೆಡಲ್ ಹಿಂದಕ್ಕೆ ಒತ್ತಿದಾಗ ಹಿಂದಿನ ಗಾಲಿಯ ಹಬ್ (ಗಾಲಿಯ ನಡುವಿನ ಗುಂಬ) ಒಳಗೆ ಹಿಡಿಯುವ ಬ್ರೇಕು. ಕೆಳಗೆ ತಲುಪುವಷ್ಟರಲ್ಲಿ ಹಬ್ ಎಷ್ಟು ಕಾಯುತ್ತಿತ್ತು ಅಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಇಂಗ್ಲಿಷಿನಲ್ಲಿ ಹಾಗೆ ಮತ್ತೆ ತುಂಬುವುದಕ್ಕೆ ರೀಪ್ಯಾಕ್ ಅನ್ನುತ್ತಾರೆ. 1976ರಲ್ಲಿ ಶುರುವಾದ ಅಲ್ಲಿನ ರೇಸಿಗೂ ಅದೇ ಹೆಸರು ಬಂತು. ಆ ಸವಾರರಲ್ಲೇ ಒಬ್ಬನಾದ ಜೋ ಬ್ರೀಜ್ ಈ ಸವಾರಿಗೆಂದೇ ಹೊಸ ಫ್ರೇಮ್ ಕಟ್ಟಿದ್ದು 1977ರಲ್ಲಿ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಇದು ಒಲಿಂಪಿಕ್ ಆಟವೂ ಆಯಿತು. ಸವಾರರು ಮೊದಲು ತಯಾರಾದರು. ಸೈಕಲ್ ಆಮೇಲೆ ಬಂತು.

ನಮ್ಮಲ್ಲಿ ಮಾತ್ರ ಏನು ಕಡಿಮೆ ಇದೆ? ತುಂಬಿದ ಹಾಲಿನ ಕ್ಯಾನು ಎರಡೂ ಕಡೆ ತೂಗು ಹಾಕಿಕೊಂಡು, ಚಕ್ಕಡಿ ದಾರಿಯ ಕಲ್ಲಿನ ನಡುವೆ, ಹಾಲು ಚೆಲ್ಲದಂತೆ ಹೋಗುವ ಕಾಕಾಗಳನ್ನ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದೇವೆ. ಅವರು ಬ್ರೇಕನ್ನು ಗಬಕ್ಕನೆ ಹಿಡಿಯುವುದಿಲ್ಲ. ಕಣ್ಣು ಮುಂದಿನ ಗಾಲಿಯ ಬುಡದಲ್ಲಿ ಇರುವುದಿಲ್ಲ, ಎರಡು ಮಾರು ಮುಂದೆ ಇರುತ್ತದೆ. ಮೌಂಟೇನ್ ಬೈಕಿನ ತರಬೇತಿಯಲ್ಲಿ ದುಡ್ಡು ಕೊಟ್ಟು ಕಲಿಯುವ ಮೊದಲ ಎರಡು ಪಾಠ ಇವೇ.

ನಮ್ಮಲ್ಲೇ ಇರುವ ಇನ್ನೊಂದು ಪಾಠ ಸ್ಲೋ ಸೈಕಲ್ ರೇಸ್. ಗಣಪತಿ ಹಬ್ಬದಲ್ಲಿ, ಶಾಲೆಯ ಗ್ಯಾದರಿಂಗ್‌ನಲ್ಲಿ ಇದನ್ನ ಮಕ್ಕಳ ಮೋಜಿಗೆ ಅಂತ ಇಡುತ್ತೇವೆ. ಕಾಲು ನೆಲಕ್ಕೆ ತಾಗಿಸದೆ ಕೊನೆಗೆ ಬಂದವರು ಗೆದ್ದರು. ಇದರಲ್ಲಿ ಗೆಲ್ಲುವ ಹುಡುಗ ಏನು ಮಾಡುತ್ತಾನೆ, ಹತ್ತಿರದಿಂದ ನೋಡಿ. ಎರಡೂ ಪೆಡಲ್ ಸಮಕ್ಕೆ ಇಟ್ಟಿರುತ್ತಾನೆ. ಸೀಟಿನಿಂದ ತುಸು ಎದ್ದಿರುತ್ತಾನೆ. ಹ್ಯಾಂಡಲ್ ಸ್ವಲ್ಪ ತಿರುಗಿಸಿ, ಬ್ರೇಕ್ ಹಿಡಿದು ಬಿಟ್ಟು, ಪೆಡಲನ್ನು ಕೂದಲೆಳೆಯಷ್ಟು ಒತ್ತುತ್ತಾ ನಿಂತಲ್ಲೇ ನಿಲ್ಲುತ್ತಾನೆ. ಟ್ರ್ಯಾಕ್ ಸೈಕ್ಲಿಂಗಿನ ಸ್ಪ್ರಿಂಟ್‌ನಲ್ಲಿ ಎದುರಾಳಿ ಮೊದಲು ಹೊರಡಲಿ ಅಂತ ದೊಡ್ಡ ದೊಡ್ಡ ಸವಾರರು ನಿಲ್ಲುವುದೂ ಹೆಚ್ಚುಕಡಿಮೆ ಹೀಗೆಯೇ, ಅವರ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ ಅಷ್ಟೇ. ಕಲ್ಲಿನ ದಾರಿಯಲ್ಲಿ ಈ ಒಂದು ವಿದ್ಯೆ ಇದ್ದರೆ ಕಾಲು ಕೆಳಗೆ ಇಡದೆ ಅರೆ ಕ್ಷಣ ನಿಂತು, ಮುಂದಿನ ಕಲ್ಲಿನ ಎಡಕ್ಕೋ ಬಲಕ್ಕೋ ಅಂತ ತೀರ್ಮಾನಿಸಬಹುದು. ಅರ್ಧ ಕಷ್ಟ ಅಲ್ಲಿಗೇ ಕಡಿಮೆಯಾಗುತ್ತದೆ.

ಇಟ್ಟಿಗೆಯಷ್ಟು ಎತ್ತರದ ಒಂದು ಕಲ್ಲಿನ ಮೆಟ್ಟಿಲು ಅಡ್ಡ ಬಂತು ಅಂತ ಇಟ್ಟುಕೊಳ್ಳಿ. ಜೋರಾಗಿ ಬಂದು ಗುದ್ದಿದರೆ ರಿಮ್ ಸೊಟ್ಟಗಾಗುತ್ತದೆ, ಇಲ್ಲ ಟ್ಯೂಬಿಗೆ ಒಂದರ ಪಕ್ಕ ಒಂದು ಎರಡು ತೂತು ಬೀಳುತ್ತವೆ. ಸಾವಕಾಶ ಬನ್ನಿ. ಹಗುರ ಗೇರ್ ಹಾಕಿ. ಕಲ್ಲಿಗೆ ಅರ್ಧ ಮಾರು ಇದ್ದಾಗ ಎದೆ ಬಗ್ಗಿಸಿ ಮುಂದಿನ ಗಾಲಿಯನ್ನು ಕೆಳಕ್ಕೆ ಒತ್ತಿ. ಅದು ಮೇಲೇಳುವ ಹೊತ್ತಿಗೆ ಸರಿಯಾಗಿ ಒಂದು ಪೆಡಲ್ ತುಳಿದು, ಮೈ ಹಿಂದಕ್ಕೆ ತಗೊಳ್ಳಿ. ಗಾಲಿ ಕಲ್ಲಿನ ಮೇಲೆ ಕೂರುತ್ತದೆ. ಹೆಚ್ಚಿನವರು ಇಲ್ಲಿಗೆ ಮುಗೀತು ಅಂದುಕೊಳ್ಳುತ್ತಾರೆ. ಹಿಂದಿನ ಗಾಲಿ ಇನ್ನೂ ಕೆಳಗೇ ಇದೆ. ಈಗ ಭಾರವನ್ನೆಲ್ಲ ಮುಂದಕ್ಕೆ ತರಬೇಕು, ಸೊಂಟ ಹಗುರ ಮಾಡಬೇಕು. ಆಗ ಹಿಂದಿನ ಗಾಲಿ ಕಲ್ಲನ್ನು ಏರಿ ಬರುತ್ತದೆ. ಮನೆ ಮುಂದಿನ ಅಂಗಳದಲ್ಲಿ ಒಂದು ಹಲಗೆ ಇಟ್ಟುಕೊಂಡು ಇದನ್ನ ಕಲಿಯಬಹುದು. ಗುಡ್ಡಕ್ಕೆ ಹೋಗಲೇಬೇಕು ಅಂತೇನಿಲ್ಲ.

ಇಳಿಯುವಾಗ "ಹಿಂದಕ್ಕೆ ಜರುಗು, ಹಿಂದಕ್ಕೆ ಜರುಗು" ಅಂತ ಕೂಗುವವರ ಮಾತನ್ನು ನಾನು ಒಪ್ಪುವುದಿಲ್ಲ. ಪೂರ್ತಿ ಹಿಂದಕ್ಕೆ ಹೋದರೆ ಮುಂದಿನ ಗಾಲಿಯ ಮೇಲೆ ಭಾರವೇ ಇರುವುದಿಲ್ಲ. ಆಗ ಅದು ತಿರುಗಿಸಿದ ಕಡೆ ತಿರುಗುವುದಿಲ್ಲ, ಹಿಡಿದ ಬ್ರೇಕಿಗೆ ನಿಲ್ಲುವುದೂ ಇಲ್ಲ. ಸೀಟು ಕೆಳಗಿಳಿಸಿ. ಭಾರ ಪಾದಗಳ ಮೇಲಿರಲಿ, ಹಿಮ್ಮಡಿ ಕೆಳಗೆ. ಮೊಣಕಾಲು, ಮೊಣಕೈ ಮಡಚಿರಲಿ. ಗದ್ದ ಹ್ಯಾಂಡಲಿನ ನೇರಕ್ಕೆ, ಅದರಿಂದ ಮೇಲೆ ಇರಲಿ. ಇಳಿಜಾರು ಕಡಿದಾದಷ್ಟೂ ಸೊಂಟ ಹಿಂದೆ ಹೋಗುತ್ತದೆ, ಆದರೆ ಕೈ ನೇರವಾಗಿ ಸೆಟೆದು ನಿಲ್ಲುವಷ್ಟು ಹೋಗಬಾರದು. ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಮುಂದಿನ ಬ್ರೇಕಿನಲ್ಲಿ. ಅದಕ್ಕೆ ಹೆದರಿ ಹಿಂದಿನದನ್ನು ಮಾತ್ರ ಹಿಡಿದರೆ ಗಾಲಿ ಜಾರುತ್ತದೆ. ಒಂದೇ ಬೆರಳಲ್ಲಿ, ಮೆಲ್ಲಗೆ, ತಿರುವಿಗೆ ಮೊದಲೇ ಹಿಡಿಯಿರಿ. ತಿರುವಿನೊಳಗೆ ಬಿಡಿ.

ಗಾಳಿಯ ಬಗ್ಗೆಯೂ ಒಂದು ಮಾತು. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುವ ತನಕ ಹೊಡೆಸುತ್ತೇವೆ. ಡಾಂಬರಿಗೆ ಅದು ಸರಿ. ಗರಸಿನ ದಾರಿಯಲ್ಲಿ ಟೈರು ಚೆಂಡಿನ ಹಾಗೆ ಪುಟಿಯುತ್ತದೆ. ಟ್ಯೂಬ್ ಇರುವ ದಪ್ಪ ಟೈರಿಗೆ, ಸಾಧಾರಣ ಮೈಕಟ್ಟಿನವರಿಗೆ, 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಿಂದ ಶುರು ಮಾಡಿ ನೋಡಿ. ಖರ್ಚಿಲ್ಲದೆ ಇಷ್ಟು ಫರಕು ಬರುವ ಬದಲಾವಣೆ ಇನ್ನೊಂದಿಲ್ಲ.

ನಮ್ಮ ಭಾಗದ ನೆಲವೇ ಒಂದು ಶಾಲೆ. ಖಾನಾಪುರದ ಕಡೆ ಜಂಬಿಟ್ಟಿಗೆ ನೆಲ. ಅದರ ಗುಂಡು ಹರಳು ಗಾಲಿಯ ಕೆಳಗೆ ಉರುಳುತ್ತವೆ, ಮಳೆಗಾಲದಲ್ಲಿ ಪಾಚಿ ಬೇರೆ. ಗೋಕಾಕ, ಬಾದಾಮಿ ಕಡೆ ಮರಳುಗಲ್ಲು. ಒಣಗಿದ್ದಾಗ ಟೈರನ್ನು ಚೆನ್ನಾಗಿ ಹಿಡಿಯುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಒಡೆದಿರುತ್ತದೆ. ವಿಜಯಪುರದ ಎರೆ ಮಣ್ಣಿಗೆ ಮಳೆ ಬಿದ್ದರೆ ಸವಾರಿ ಬೇಡವೇ ಬೇಡ. ಮುಂದಿನ ಗಾಲಿ ಹಿಡಿದಿರುವ ಫೋರ್ಕಿಗೆ ಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಹೋಗಬಾರದ ಜಾಗಗಳೂ ಇವೆ. ಭೀಮಗಡ ವನ್ಯಜೀವಿ ಧಾಮಕ್ಕೆ ಅನುಮತಿ ಇಲ್ಲದೆ ನುಗ್ಗಬೇಡಿ. ಬಾದಾಮಿಯ ಗುಹೆ, ಗುಡಿಗಳ ಸುತ್ತಲಿನ ಬಂಡೆ, ರಾಜಹಂಸಗಡದ ಕೋಟೆಯ ಒಳಗು ಸೈಕಲ್ಲಿಗಲ್ಲ. ಬೆಳೆ ನಿಂತ ಹೊಲದ ಬದುವೂ ಅಲ್ಲ.

ವಿಜಯಪುರ, ಬಾಗಲಕೋಟೆ, ಚಂದರಗಿಯ ಕ್ರೀಡಾ ಶಾಲೆ, ಇಲ್ಲಿಂದ ಬಂದ ಸೈಕಲ್ ಪಟುಗಳ ಬಗ್ಗೆ ನನಗೆ ಬಹಳ ಹೆಮ್ಮೆ. ಬಡ ಮನೆಯ ಮಕ್ಕಳು ಬರೀ ಕಾಲಿನ ಬಲದ ಮೇಲೆ ದೇಶದ ಮಟ್ಟಕ್ಕೆ ಹೋಗಿದ್ದಾರೆ. ಆ ದಮ್ಮು, ಆ ಕಾಲು ನಮ್ಮಲ್ಲಿ ಇದೆ ಅಂದ ಮೇಲೆ ಚಿಕ್ಕಂದಿನಲ್ಲೇ ಕೈಚಳಕವನ್ನೂ ಕಲಿಸಿದರೆ ಕಲ್ಲಿನ ದಾರಿಯಲ್ಲಿ ನಮ್ಮ ಮಕ್ಕಳನ್ನು ಹಿಡಿಯುವವರು ಯಾರು? ಇದಕ್ಕೆ ದೊಡ್ಡ ಮೈದಾನ ಬೇಡ, ದುಬಾರಿ ಸೈಕಲ್ಲೂ ಬೇಡ. ಹೆಲ್ಮೆಟ್ ಮಾತ್ರ ಬೇಕೇ ಬೇಕು, ಮೊಣಕಾಲಿಗೆ ಪ್ಯಾಡ್ ಇದ್ದರೆ ಇನ್ನೂ ಒಳ್ಳೇದು.

ಈ ಸಲ ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಸ್ಲೋ ಸೈಕಲ್ ರೇಸ್ ಇಡುವವರಿದ್ದರೆ ಸ್ವಲ್ಪ ಬದಲಿಸಿ ಇಡಿ. ದೊಡ್ಡವರಿಗೂ ಒಂದು ವಿಭಾಗ ಇರಲಿ, ಹುಡುಗಿಯರಿಗೂ ಇರಲಿ. ಸುಣ್ಣದ ಗೆರೆ ಎಳೆದು ನಡುವೆ ಒಂದು ಹಲಗೆ, ನಾಲ್ಕು ಇಟ್ಟಿಗೆ, ಒಂದು ಇಕ್ಕಟ್ಟಿನ ತಿರುವು ಇಡಿ. ಬೆಳಗಾವಿ ಸುತ್ತಮುತ್ತಲಿನ ಶಾಲೆಯವರು, ಮಂಡಳದವರು ಯಾರಾದರೂ ಮಾಡುವುದಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಹಲಗೆ, ಇಟ್ಟಿಗೆ, ಸುಣ್ಣ ನಾನೇ ತರುತ್ತೇನೆ.