ಪುಟ್ಟನ ದವಡೆ ಹಲ್ಲು ಮತ್ತು 499 ರೂಪಾಯಿಯ ಡಿಪ್ಲೊಮಾ

ಹೋದ ಭಾನುವಾರ ಪಕ್ಕದ ಬೀದಿಯ ಹುಡುಗಿ ಮೊಬೈಲ್ ಹಿಡ್ಕೊಂಡು ಮನೆಗೆ ಬಂದಳು. ಬಿ.ಎ. ಮುಗಿಸಿ ಎರಡು ವರ್ಷ ಆಯ್ತು, ಕೆಲಸ ಇಲ್ಲ. "ಅಣ್ಣ, ನಿಮ್ಮನೇಲಿ ಪುಟ್ಟಣ್ಣ ಇದಾರಲ್ಲ, ನಿಮಗೆ ಗೊತ್ತಿರ್ತದೆ ಅಂತ ಬಂದೆ. ಈ ಸರ್ಟಿಫಿಕೇಟ್ ಇಟ್ಕೊಂಡು ಎಲ್ಲಿ ಅರ್ಜಿ ಹಾಕ್ಲಿ?"

ನೋಡಿದೆ. ಸುತ್ತ ಚಿನ್ನದ ಬಣ್ಣದ ಅಂಚು, ಮದುವೆ ಕಾಗದದ ಹಾಗೆ. ಮಧ್ಯದಲ್ಲಿ ಇವಳ ಹೆಸರು. ಕೆಳಗೆ 'ಲರ್ನಿಂಗ್ ಡಿಸಬಿಲಿಟಿ ಕೇರ್, ಡಿಪ್ಲೊಮಾ, ಲೆವೆಲ್ 3'. ಫೀಸು 499 ರೂಪಾಯಿ, ಪೋಸ್ಟಲ್ಲಿ ತರಿಸಿಕೊಂಡರೆ ಇನ್ನೂರೈವತ್ತು ಜಾಸ್ತಿ. ಆರು ಗಂಟೆಯ ವಿಡಿಯೊಗಳನ್ನು ಸ್ಪೀಡ್ ಜಾಸ್ತಿ ಮಾಡ್ಕೊಂಡು ಮೂರು ಗಂಟೆಯಲ್ಲಿ ಮುಗಿಸಿದಳಂತೆ. ಕೊನೆಗೆ ಇಪ್ಪತ್ತು ಪ್ರಶ್ನೆ. ತಪ್ಪಾದರೆ ಅದೇ ಪ್ರಶ್ನೆ ಮತ್ತೆ ಬರುತ್ತೆ, ಸರಿ ಆಗೋವರೆಗೂ ಒತ್ತುತ್ತಾ ಇರಬಹುದು. ಫೇಲಾಗಬೇಕು ಅಂದರೆ ಕರೆಂಟೇ ಹೋಗಬೇಕು.

ನನಗೆ ಆ ಹುಡುಗಿ ಮೇಲೆ ಸಿಟ್ಟು ಬರಲಿಲ್ಲ. ಅಡುಗೆಮನೆಯಲ್ಲಿ ಪುಟ್ಟನಿಗೆ ಮುದ್ದೆ ತಿನ್ನಿಸ್ತಾ ಇದ್ದ, ಅವನನ್ನ ನೋಡ್ಕೊಳ್ಳೋಕೆ ಬರೋ ಕೆಲಸದ ಅಕ್ಕನ ಕಡೆ ಕಣ್ಣು ಹೋಯಿತು. ಆ ಅಕ್ಕ ಓದಿರೋದು ಐದನೇ ಕ್ಲಾಸು.

ಹೊಸಬರಿಗೆ ಹೇಳಿಬಿಡ್ತೀನಿ. ಪುಟ್ಟ ನನ್ನ ತಮ್ಮ, ವಯಸ್ಸು 36. ಆಸ್ಪತ್ರೆಯ ಹಳೇ ಫೈಲಿನಲ್ಲಿ 'ಎಂ.ಆರ್.' (ಮೆಂಟಲ್ ರಿಟಾರ್ಡೇಶನ್, ಅಂದರೆ ಬುದ್ಧಿಮಾಂದ್ಯತೆ) ಅಂತಿತ್ತು, ಈಗಿನ ಕಾರ್ಡಿನಲ್ಲಿ 'ಬೌದ್ಧಿಕ ವಿಕಲತೆ' ಅಂತಿದೆ. ಆಡುವ ಮಾತು ಹತ್ತೋ ಹನ್ನೆರಡೋ. ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡ ಮೇಲೆ ಮಂಡ್ಯದ ಕಲ್ಲಹಳ್ಳಿ ಕಡೆಯ ನಮ್ಮ ಮನೆಗೆ ಅವನನ್ನ ಕರ್ಕೊಂಡು ಬಂದೆವು. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗೋರು. ಅಕ್ಕ ಕೆರಗೋಡು ಕಡೆಯಿಂದ ಬೆಳಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದೂವರೆ ಬಸ್ಸಿಗೆ ವಾಪಸ್ ಹೋಗ್ತಾರೆ. ಆ ಬಸ್ಸು ತಪ್ಪಿದರೆ ಅವರ ಮನೆಯಲ್ಲಿ ಹಸು ಕರೆಯೋರಿಲ್ಲ.

ಹುಡುಗಿಯ ಸರ್ಟಿಫಿಕೇಟಲ್ಲಿ ಮೊದಲ ಎಡವಟ್ಟು ಹೆಸರಿನಲ್ಲೇ ಇದೆ. ಇಂಗ್ಲೆಂಡಿನಲ್ಲಿ 'ಲರ್ನಿಂಗ್ ಡಿಸಬಿಲಿಟಿ' ಅಂದರೆ ನಮ್ಮ ಪುಟ್ಟನಂಥವರು. ನಮ್ಮ ದೇಶದಲ್ಲಿ ಅದೇ ಮಾತಿಗೆ ಓದು, ಬರಹ, ಲೆಕ್ಕದಲ್ಲಿ ತೊಡಕಿರೋ ಮಕ್ಕಳು ಅಂತ ಅರ್ಥ. ಡಿಸ್ಲೆಕ್ಸಿಯಾ ಅಂತೀವಲ್ಲ, ಅದು. 1995ರ ಕಾಯ್ದೆಯಲ್ಲಿ ಏಳೇ ವಿಕಲತೆ ಇದ್ದವು, 2016ರ ಕಾಯ್ದೆ ಅದನ್ನ 21 ಮಾಡಿತು. ಆ ಪಟ್ಟಿಯಲ್ಲಿ ಬೌದ್ಧಿಕ ವಿಕಲತೆ ಬೇರೆ, ಕಲಿಕಾ ನ್ಯೂನತೆ ಬೇರೆ. ಅಂದರೆ ಈ ಹುಡುಗಿ ಆ ಕಾಗದ ಹಿಡಿದು ಇಲ್ಲಿನ ಯಾವುದೋ ಸ್ಕೂಲಿಗೆ ಹೋದರೆ ಎರಡನೇ ಕ್ಲಾಸಿನ ಮಗುವಿಗೆ ಅಕ್ಷರ ಕಲಿಸೋಕೆ ಬಂದಿದಾಳೆ ಅಂದ್ಕೋತಾರೆ. ಕೋರ್ಸಲ್ಲಿ ಅವಳು ನೋಡಿರೋದು ದೊಡ್ಡವರಿಗೆ ಸ್ನಾನ ಮಾಡಿಸೋದು, ಊಟ ತಿನ್ನಿಸೋದು. ಅದನ್ನೂ ನೋಡಿರೋದು ಮಾತ್ರ.

ಆಸೆ ಎಲ್ಲಿಂದ ಹುಟ್ಟಿತು ಅಂತ ಕೇಳಿದೆ. ಜಾಹೀರಾತಿನಲ್ಲಿ 'ಯುಕೆಯಲ್ಲಿ ಕೇರ್ ಕೆಲಸ' ಅಂತ ಇತ್ತಂತೆ. ಆ ದೇಶ 2022ರಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ಬಾಗಿಲು ತೆರೆದಿದ್ದು ನಿಜ. ಎಷ್ಟೋ ಜನ ಹೋದರು. 2024ರಲ್ಲಿ ಸಂಸಾರ ಕರ್ಕೊಂಡು ಹೋಗೋಹಾಗಿಲ್ಲ ಅಂದರು, 2025ರ ಜುಲೈಯಲ್ಲಿ ಹೊರದೇಶದಿಂದ ಹೊಸಬರನ್ನ ತಗೊಳ್ಳೋದನ್ನೇ ನಿಲ್ಲಿಸಿದರು. ಜಾಹೀರಾತು ಮಾತ್ರ ನಿಂತಿಲ್ಲ.

ತಮಾಷೆ ಅಂದರೆ ಇಂಗ್ಲೆಂಡಿನವರೇ ಬರೀ ವಿಡಿಯೊ ನೋಡಿದವರನ್ನ ಒಪ್ಪಲ್ಲ. ಅಲ್ಲಿ ಕೆಲಸಕ್ಕೆ ಸೇರಿದವರು ಮೊದಲು 'ಕೇರ್ ಸರ್ಟಿಫಿಕೇಟ್' ಅಂತ ಮಾಡ್ಕೋಬೇಕು. ಪಾಠದ ಭಾಗ ಆನ್‌ಲೈನಲ್ಲಿ ಓದಬಹುದು, ಆದರೆ ಕೆಲಸದ ಜಾಗದಲ್ಲಿ ಒಬ್ಬರು ಪಕ್ಕದಲ್ಲೇ ನಿಂತು, ಇವರು ಮಾಡೋದನ್ನ ಕಣ್ಣಾರೆ ನೋಡಿ ಸಹಿ ಹಾಕಬೇಕು. ಅಲ್ಲಿ ಇನ್ನೊಂದು ತರಬೇತಿಯೂ ಇದೆ, ಅದರ ಹಿಂದೆ ಒಂದು ಸಾವಿದೆ. ಆಲಿವರ್ ಮೆಗೊವನ್ ಅಂತ 18 ವರ್ಷದ ಹುಡುಗ 2016ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೆ ಆಟಿಸಂ ಇತ್ತು, ಫಿಟ್ಸ್ ಇತ್ತು, ಸ್ವಲ್ಪ ಮಟ್ಟಿನ ಬೌದ್ಧಿಕ ವಿಕಲತೆ ಇತ್ತು. ಮನೋರೋಗದ ಔಷಧಿ ಕೊಡಬೇಡಿ ಅಂತ ಅವನೂ ಅಪ್ಪ ಅಮ್ಮನೂ ಕೇಳ್ಕೊಂಡಿದ್ದರು, ಆದರೂ ಕೊಟ್ಟರು. ಅವನ ತಾಯಿ ಬಿಡದೆ ಹೋರಾಡಿದರು. ಕೊನೆಗೆ ಅಲ್ಲಿನ 2022ರ ಕಾಯ್ದೆಯಲ್ಲಿ ಆರೋಗ್ಯ, ಆರೈಕೆ ಕೆಲಸದವರಿಗೆಲ್ಲ ಈ ವಿಷಯದ ತರಬೇತಿ ಆಗಲೇಬೇಕು ಅಂತ ಬಂತು. ಆ ಹುಡುಗನ ಹೆಸರಲ್ಲೇ ಇರೋ ತರಬೇತಿ ಶುರುವಾಗೋದು ಒಂದೂವರೆ ಗಂಟೆಯ ಆನ್‌ಲೈನ್ ಪಾಠದಿಂದ. ಅಷ್ಟಕ್ಕೇ ಬಿಡಲ್ಲ. ನೇರವಾಗಿ ಆರೈಕೆ ಮಾಡೋರು ಇಡೀ ದಿನ ಎದುರಿಗೆ ಕೂತು ಕಲಿಯಬೇಕು. ಪಾಠ ಹೇಳೋರಲ್ಲಿ ಬೌದ್ಧಿಕ ವಿಕಲತೆ ಇರೋರು, ಆಟಿಸಂ ಇರೋರು ಕೂಡ ಇರ್ತಾರೆ. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಪುಟ್ಟ ಮೇಷ್ಟ್ರಾದರೆ ಮೊದಲ ಪಾಠ ಯಾವುದಿರಬಹುದು? 'ಸಾರು ಬಿಸಿ ಇದ್ದಾಗ ಬಾಯಿಗೆ ತುರುಕಬೇಡಿ' ಅಂತ ಇರಬಹುದು.

ಊಟದ ವಿಷಯಕ್ಕೇ ಬರ್ತೀನಿ. ಹುಡುಗಿಯ ಫೋನಲ್ಲಿ ಊಟ ತಿನ್ನಿಸೋ ವಿಡಿಯೊ ನಾನೂ ನೋಡಿದೆ. ನೆಟ್ಟಗೆ ಕೂರಿಸಿ, ಚಿಕ್ಕ ತುತ್ತು ಕೊಡಿ, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು ತುತ್ತು, ಊಟ ಆದ ಕೂಡಲೇ ಮಲಗಿಸಬೇಡಿ. ಎಲ್ಲ ಸರಿ. ಆದರೆ ತಟ್ಟೆಯಲ್ಲಿ ಇದ್ದದ್ದು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಮಂಡ್ಯದ ತಟ್ಟೆಯಲ್ಲಿರೋದು ಮುದ್ದೆ ಸ್ವಾಮಿ. ಅಗಿಯೋಹಾಗಿಲ್ಲ, ನುಂಗಬೇಕು, ಹಾಗಂತಲೇ ನಮಗೆಲ್ಲ ಕಲಿಸಿರೋದು. ನುಂಗೋ ತೊಂದರೆ ಇರೋನಿಗೆ ಅಂಟಂಟಾದ ಮುದ್ದೆ ಎಷ್ಟು ದೊಡ್ಡ ತುತ್ತು, ಎಷ್ಟು ಮೆತ್ತಗಿರಬೇಕು, ಸಾರಲ್ಲಿ ಎಷ್ಟು ಹೊತ್ತು ಅದ್ದಬೇಕು, ಯಾವತ್ತು ಮುದ್ದೆ ಬಿಟ್ಟು ಅಂಬಲಿಗೆ ಇಳಿಯಬೇಕು, ಇದನ್ನ ಯಾವ ಲೆವೆಲ್ 3 ಹೇಳ್ಕೊಡುತ್ತೆ? ಅಕ್ಕ ಹೆಬ್ಬೆಟ್ಟಿನ ಉಗುರಿನಷ್ಟು ಮುರಿದು, ಬೆರಳಲ್ಲಿ ಒತ್ತಿ ನೋಡಿ, ಆಮೇಲೆ ಬಾಯಿಗಿಡ್ತಾರೆ. "ನುಂಗುದ್ರೆ ಗಂಟ್ಲು ಮ್ಯಾಕೆ ಹೋಗಿ ಕೆಳಿಕ್ ಬತ್ತದೆ ಕನಣ್ಣ, ಅದ ನೋಡ್ಕಂಡು ಇನ್ನೊಂದ್ ತುತ್ತು." ಆಸ್ಪತ್ರೆಯಲ್ಲಿ ಥೆರಪಿಸ್ಟ್ ಒಬ್ಬರು ನನಗೆ ಇದನ್ನೇ ಅರ್ಧ ಗಂಟೆ ವಿವರಿಸಿದ್ದರು.

ಇನ್ನು ಹಲ್ಲಿನ ಕತೆ. ಹೋದ ವರ್ಷ ಶ್ರಾವಣದಲ್ಲಿ ಪುಟ್ಟ ಗೋಡೆಗೆ ತಲೆ ಚಚ್ಚಿಕೊಳ್ಳೋಕೆ ಶುರು ಮಾಡಿದ. ರಾತ್ರಿ ನಿದ್ದೆ ಇಲ್ಲ, ಹತ್ತಿರ ಹೋದರೆ ಹೊಡೀತಾನೆ. ತೋರಿಸಿದ ಕಡೆ 'ಇಂಥವರಲ್ಲಿ ಇದೆಲ್ಲ ಮಾಮೂಲು' ಅಂತ ಹೇಳಿ ಮಾತ್ರೆ ಜಾಸ್ತಿ ಮಾಡಿದರು. ಹತ್ತು ದಿನ ಮಂಕಾಗಿ ಮೂಲೆಯಲ್ಲಿ ಕೂತಿದ್ದ. ಹನ್ನೊಂದನೇ ದಿನ ಅಕ್ಕ ನನ್ನ ಹೆಂಡತಿ ಹತ್ತಿರ ಅಂದರಂತೆ, "ಅವ್ವಾ, ಪುಟ್ಟಪ್ಪ ಎಡಗಡೀಲೆ ಅಗೀತಾವ್ನೆ, ಬಲಗಡಿಕೆ ಅನ್ನನೇ ತಳ್ತಿಲ್ಲ." ಟಾರ್ಚ್ ಹಾಕಿ ನೋಡಿದರೆ ಬಲಗಡೆ ದವಡೆ ಹಲ್ಲು ಪೂರ್ತಿ ಹುಳುಕು, ವಸಡು ಊದಿಕೊಂಡಿದೆ. ಹಲ್ಲು ಕಿತ್ತ ಮೂರನೇ ದಿನಕ್ಕೆ ತಲೆ ಚಚ್ಚಿಕೊಳ್ಳೋದು ನಿಂತಿತು. ವಿಕಲತೆಯ ನೆರಳಲ್ಲಿ ಕಾಯಿಲೆ ಮುಚ್ಚಿಹೋಗೋದು ಅಂತ ಇದಕ್ಕೆ ವೈದ್ಯರ ಪುಸ್ತಕದಲ್ಲೇ ಹೆಸರಿದೆ. ಮಲಬದ್ಧತೆ, ಕಿವಿನೋವು, ಮುಟ್ಟಿನ ನೋವು ಎಲ್ಲವೂ ಹೀಗೇ 'ಹಠ' ಅನ್ನೋ ಹೆಸರಲ್ಲಿ ಮುಚ್ಚಿಹೋಗುತ್ತವೆ.

ಇಷ್ಟು ಓದಿ, ಹಾಗಾದರೆ ತರಬೇತಿಯೇ ಬೇಡ, ಹಳ್ಳಿ ಹೆಂಗಸರಿಗೆ ಎಲ್ಲ ಗೊತ್ತು ಅಂತ ಯಾರೂ ಲೈಕ್ ಒತ್ತಬೇಡಿ. ಇದೇ ಅಕ್ಕ ಮೊದಲ ತಿಂಗಳು ಪುಟ್ಟನಿಗೆ ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಟ್ಟು, ಬಾಯಿಗೆ ಚಮಚ ಇಡೋಕೆ ಹೋಗಿದ್ದರು. ನಮ್ಮವ್ವನೂ ಜೀವಮಾನ ಪೂರ್ತಿ ಅದನ್ನೇ ಮಾಡಿದ್ದು. ಬೌದ್ಧಿಕ ವಿಕಲತೆ ಇರೋರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಫಿಟ್ಸ್ ಇರುತ್ತೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಬಾಯಿಗೆ ಏನೂ ಇಡಬಾರದು, ಬಿಗಿಯಾಗಿ ಅದುಮಿ ಹಿಡೀಬಾರದು, ತಲೆ ಕೆಳಗೆ ಮೆತ್ತಗಿರೋದು ಇಟ್ಟು, ಅದುರು ನಿಂತ ಮೇಲೆ ಪಕ್ಕಕ್ಕೆ ಹೊರಳಿಸಬೇಕು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆ. ಇದನ್ನ ಅಕ್ಕ ಕಲಿತದ್ದು ನನ್ನ ಫೋನಿನ ನಾಲ್ಕು ನಿಮಿಷದ ವಿಡಿಯೊದಿಂದ. ಹಿಂದಿ ವಿಡಿಯೊ, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದೆ. ಆಮೇಲೆ ದಿಂಬು ಇಟ್ಕೊಂಡು ನನ್ನನ್ನೇ ಹೊರಳಿಸಿ ಅಭ್ಯಾಸ ಮಾಡಿದರು. ಹಲ್ಲುಜ್ಜಿಸೋದು ಇನ್ನೊಂದು. ಹಲ್ಲುಜ್ಜೋದನ್ನ ಹತ್ತು ಹನ್ನೆರಡು ಸಣ್ಣ ಹೆಜ್ಜೆ ಮಾಡಿ, ಕೊನೇ ಹೆಜ್ಜೆಯನ್ನ ಮೊದಲು ಅವನ ಕೈಯಲ್ಲಿ ಮಾಡಿಸಿ ಅಂತ ಒಂದು ವಿಡಿಯೊದಲ್ಲಿ ಇತ್ತು. ಮೂರು ತಿಂಗಳು ಹಿಡೀತು, ಈಗ ಬಾಯಿ ಮುಕ್ಕಳಿಸೋದು, ಬ್ರಷ್ ತೊಳೆದಿಡೋದು ಪುಟ್ಟನದೇ ಕೆಲಸ. ಆ ವಿಡಿಯೊ ನೋಡುವಾಗ ಅಕ್ಕ ಒಂದು ಮಾತು ಕೇಳಿದ್ದರು: "ಇದ್ರಲ್ಲಿರೋ ಹುಡ್ಗ ಒಂದ್ಸಲನೂ ಮಕಕ್ಕೆ ಉಗುದಿಲ್ವಲ್ಲಣ್ಣ?"

ಆನ್‌ಲೈನ್ ಪಾಠದ ಮೇಲೆ ನನಗೆ ತಕರಾರಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಗೆ 1966ರಲ್ಲಿ ಅಡಿಗಲ್ಲು ಹಾಕಿದವರು ಅಂದಿನ ರಾಷ್ಟ್ರಪತಿ ರಾಧಾಕೃಷ್ಣನ್, ಅದೇ ಊರಿನ ಮಹಾರಾಜ ಕಾಲೇಜಿನಲ್ಲಿ ಹಿಂದೆ ಪಾಠ ಹೇಳಿದ್ದವರು. ಆ ಸಂಸ್ಥೆ ಒಂದು ಡಿಪ್ಲೊಮಾವನ್ನು ದೂರದ ಊರುಗಳಿಗೆ ವಿಡಿಯೊ ಮೂಲಕ ಕಲಿಸುತ್ತಾ ಬಂದಿದೆ. ಪಾಠ ಮೈಸೂರಿಂದ ಹೋದರೂ ಮಕ್ಕಳ ಜತೆಗಿನ ಅಭ್ಯಾಸ ಆಯಾ ಊರಿನ ಕೇಂದ್ರದಲ್ಲೇ. ಅಂದರೆ ದಾರಿ ಗೊತ್ತಿಲ್ಲದ್ದೇನಲ್ಲ, ಮೂವತ್ತು ಮೈಲಿ ಒಳಗೇ ಇದೆ.

ಕಾಯ್ದೆ ಕಡೆಯ ವಿಷಯ ಹುಡುಗಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಭಾರತೀಯ ಪುನರ್ವಸತಿ ಪರಿಷತ್ತು, ಆರ್.ಸಿ.ಐ. ಅಂತಾರೆ, 1992ರ ಕಾಯ್ದೆಯಿಂದ ಬಂದದ್ದು. ಸ್ಪೆಷಲ್ ಟೀಚರ್ ಆಗಬೇಕಾದರೆ ಅದು ಒಪ್ಪಿದ ಕೋರ್ಸ್ ಓದಿ, ಅದರ ರಿಜಿಸ್ಟರಿನಲ್ಲಿ ಹೆಸರು, ನಂಬರು ಇರಬೇಕು. ಇಲ್ಲದೆ ಆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಣ ಕಟ್ಟೋ ಮೊದಲು ಈ ಕೋರ್ಸಿಗೆ ಆರ್.ಸಿ.ಐ. ಒಪ್ಪಿಗೆ ಇದೆಯಾ ಅಂತ ಅವರ ವೆಬ್‌ಸೈಟಲ್ಲೇ ನೋಡಿ, ಜಾಹೀರಾತಿನವರನ್ನ ಕೇಳಬೇಡಿ. ಮನೆಮನೆಗೆ ಹೋಗಿ ಕೆಲಸ ಮಾಡೋರಿಗಾಗಿ 2021ರ ಮೇ ತಿಂಗಳಲ್ಲಿ ಆರು ತಿಂಗಳ ಸಿ.ಬಿ.ಐ.ಡಿ. (ಕಮ್ಯುನಿಟಿ ಬೇಸ್ಡ್ ಇನ್‌ಕ್ಲೂಸಿವ್ ಡೆವಲಪ್‌ಮೆಂಟ್, ಅಂದರೆ ವಿಕಲತೆ ಇರೋರಿಗೆ ಅವರಿರೋ ಊರಲ್ಲೇ ನೆರವಾಗೋದು) ಕೋರ್ಸ್ ಶುರುವಾಯಿತು, ಆರ್.ಸಿ.ಐ. ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. ಅದನ್ನ ಉದ್ಘಾಟಿಸಿದ ಕೇಂದ್ರ ಮಂತ್ರಿ ಥಾವರ್‌ಚಂದ್ ಗೆಹ್ಲೋಟ್ ಎರಡೇ ತಿಂಗಳಲ್ಲಿ ನಮ್ಮ ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು. ಬೌದ್ಧಿಕ ವಿಕಲತೆ, ಆಟಿಸಂನಂಥವು ಇರೋರಿಗಾಗಿ ಕೇಂದ್ರ ಸರ್ಕಾರ ಮಾಡಿರೋ ನ್ಯಾಷನಲ್ ಟ್ರಸ್ಟ್‌ನವರೂ 2015ರಲ್ಲಿ 'ಸಹಯೋಗಿ' ಅಂತ ಆರೈಕೆದಾರರ ತರಬೇತಿ ಯೋಜನೆ ತಂದಿದ್ದರು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷದ ಮೇಲೆ. ನಮ್ಮ ಬೀದಿಯಲ್ಲಿ ಈ ಎರಡು ಕೋರ್ಸಿನ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ, 499ರ ಜಾಹೀರಾತು ಎಲ್ಲರ ಫೋನಿಗೂ ಬಂದಿದೆ.

ನನ್ನ ಬೇಡಿಕೆ ಒಂದೇ. ಪಾಠ ಫೋನಲ್ಲೇ ಬರಲಿ, ಕನ್ನಡದಲ್ಲಿ ಬರಲಿ, ಅದೂ ಕೆರಗೋಡಿನವರಿಗೆ ತಿಳಿಯೋ ಕನ್ನಡದಲ್ಲಿ. ಓದೋ ಪಾಠಕ್ಕಿಂತ ಕೇಳೋ ಪಾಠ ಇರಲಿ. ಪರೀಕ್ಷೆ ಮಾತ್ರ ಕೈಗೆ ಆಗಲಿ. ಇಪ್ಪತ್ತು ಪ್ರಶ್ನೆ ಬೇಡ. ತಾಲ್ಲೂಕಿನಲ್ಲಿ ಒಂದು ಕಡೆ ಕೂರಿಸಿ, ಒಬ್ಬರಿಗೆ ಒಂದು ಹೊತ್ತಿನ ಊಟ ತಿನ್ನಿಸಿ ತೋರಿಸಲಿ, ಫಿಟ್ಸ್ ಬಂದಾಗ ಹೊರಳಿಸೋದನ್ನ ಮಾಡಿ ತೋರಿಸಲಿ, ಎರಡು ಅಂಗಿ ಹಿಡಿದು 'ಯಾವ್ದು ಬೇಕಪ್ಪ' ಅಂತ ಕೇಳಿ, ಕೈ ತೋರಿಸೋವರೆಗೂ ಕಾಯೋ ತಾಳ್ಮೆ ಇದೆಯಾ ಅಂತ ನೋಡಲಿ. ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡ್ ಕೇಳಬೇಡಿ. ಹೀಗೆ ಪಾಸಾದವರಿಗೆ ಸಂಬಳ ಏರಬೇಕು, ಇಲ್ಲದಿದ್ದರೆ ಅವರು ಯಾಕೆ ಬರ್ತಾರೆ? ನಾನೂ ಅಕ್ಕನಿಗೆ ಕೊಡೋದು ಹೆಚ್ಚೇನಲ್ಲ. ಗಾರ್ಮೆಂಟ್ಸ್‌ಗೆ ಹೋದರೆ ಜಾಸ್ತಿ ಸಿಗುತ್ತೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಈ ಮಾತು ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆದೆ.

ಆ ಹುಡುಗಿಗೆ ಏನು ಹೇಳಿದೆ ಅಂತ ಕೇಳ್ತೀರಿ. ಬುಧವಾರದಿಂದ ದಿನಾ ಎರಡು ಗಂಟೆ ಬರ್ತಿದಾಳೆ. ಮೊದಲ ದಿನ ಪುಟ್ಟ ಅವಳ ದುಪಟ್ಟಾ ಹಿಡಿದು ಎಳೆದ, ಅತ್ತುಬಿಟ್ಟಳು. ನಿನ್ನೆ ಹಸಿರು ಅಂಗಿ, ಕೆಂಪು ಅಂಗಿ ಹಿಡ್ಕೊಂಡು ಏಳು ನಿಮಿಷ ನಿಂತಿದ್ದಳಂತೆ, ಅಕ್ಕ ಹೇಳಿದರು.

ಮಂಡ್ಯ, ಮೈಸೂರು ಕಡೆ ಸಿ.ಬಿ.ಐ.ಡಿ. ಕೋರ್ಸನ್ನ ಕನ್ನಡದಲ್ಲಿ ಮಾಡಿದವರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಹುಡುಗಿಗೆ ಅಷ್ಟೇ ಅಲ್ಲ, ಅಕ್ಕನೂ ಕೇಳ್ತಿದಾರೆ. ಅವರದ್ದು ಒಂದೇ ಷರತ್ತು, ಕ್ಲಾಸಿಂದ ಐದೂವರೆ ಬಸ್ಸಿಗೆ ಬಿಡಬೇಕು.