ಬಂದು ಹೇಳಿದವನನ್ನೇ ಬೈದರೆ ನಾಳೆ ಯಾರು ಹೇಳುತ್ತಾರೆ?

ನಿನ್ನೆ ರಾತ್ರಿಯ ಪಾಳಿಯಲ್ಲಿ ಕಂಡದ್ದನ್ನು ಬರೆಯದೆ ಮಲಗಲು ಆಗುತ್ತಿಲ್ಲ. ನನ್ನ ಕೆಲಸ ನಿಮಗೆ ಗೊತ್ತೇ ಇದೆ: ಇಳಿದ ವಿಮಾನ ಮತ್ತೆ ಹಾರುವ ಮುನ್ನ ಟಾರ್ಚ್ ಹಿಡಿದು ಅದರ ಸುತ್ತ ಒಂದು ಸುತ್ತು ಬರುವುದು, ಎಲ್ಲಿಯಾದರೂ ಗೀರು, ನೆಗ್ಗು, ಸೋರಿಕೆ ಇದೆಯೇ ಎಂದು ನೋಡುವುದು.

ಮೂಗಿನಿಂದ ಶುರು ಮಾಡಿ ಬಲ ರೆಕ್ಕೆಯ ಹತ್ತಿರ ಬಂದಿದ್ದೆ. ಲಗೇಜ್ ಏರಿಸುವ ಹುಡುಗನೊಬ್ಬ ಓಡಿ ಬಂದ. “ಸರ್, ಬೆಲ್ಟ್ ಲೋಡರ್ ವಿಮಾನಕ್ಕೆ ತಾಗಿತು. ನಾನೇ ಓಡಿಸುತ್ತಿದ್ದೆ.” ಬೆಲ್ಟ್ ಲೋಡರ್ ಎಂದರೆ ಲಗೇಜನ್ನು ಚಲಿಸುವ ಪಟ್ಟಿಯ ಮೇಲೆ ವಿಮಾನಕ್ಕೆ ಏರಿಸುವ ವಾಹನ.

ಹೋಗಿ ನೋಡಿದೆ. ಸರಕಿನ ಬಾಗಿಲಿನಿಂದ ಒಂದು ಗೇಣು ಹಿಂದೆ. ನೇರವಾಗಿ ಬೆಳಕು ಬಿಟ್ಟರೆ ಏನೂ ಇಲ್ಲ. ಟಾರ್ಚನ್ನು ವಿಮಾನದ ಮೈಗೆ ಒತ್ತಿ ಹಿಡಿದು ಓರೆಯಾಗಿ ಬೆಳಕು ಹಾಯಿಸಿದಾಗ ಸಣ್ಣ ನೆರಳೊಂದು ಬಿತ್ತು. ಅಂಗೈಯಿಂದ ಸವರಿದರೆ ತಗ್ಗು ತಿಳಿಯುತ್ತಿತ್ತು. ಅವನು ಹೇಳದಿದ್ದರೆ ನನಗೆ ಅದು ಸಿಗುತ್ತಿತ್ತೇ? ಎದೆ ಮುಟ್ಟಿಕೊಂಡು ಹೌದು ಎನ್ನಲಾರೆ.

ಆಳ, ಅಗಲ, ಒಳಗಿನ ಫ್ರೇಮಿನಿಂದ ಇರುವ ದೂರ ಎಲ್ಲವನ್ನೂ ಅಳೆದು, ತಯಾರಕರ ದುರಸ್ತಿ ಕೈಪಿಡಿಯ ಮಿತಿಯೊಂದಿಗೆ ತಾಳೆ ನೋಡಿ, ದಾಖಲಿಸಿ ಸಹಿ ಹಾಕಿದೆವು. ಮಿತಿಯೊಳಗೇ ಇತ್ತು. ಒಂದು ಗಂಟೆ ತಡವಾಯಿತು. ಅಷ್ಟಕ್ಕೆ ಅವನ ಮೇಲ್ವಿಚಾರಕ ಎಲ್ಲರೆದುರು ಆ ಹುಡುಗನನ್ನು ಬಾಯಿಗೆ ಬಂದಂತೆ ಬೈದ. ನಾನು ನೋಡಿದ್ದು ಸುತ್ತ ನಿಂತಿದ್ದ ಉಳಿದ ಐದಾರು ಹುಡುಗರ ಮುಖ. ಇನ್ನು ಮುಂದೆ ತಾಗಿದರೆ ಬಾಯಿ ಬಿಡಬಾರದು ಎಂದು ಅವರು ಆ ಕ್ಷಣದಲ್ಲೇ ತೀರ್ಮಾನಿಸಿದಂತಿತ್ತು.

2005ರ ಡಿಸೆಂಬರ್ 26ರಂದು ಸಿಯಾಟಲ್‌ನಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನವೊಂದಕ್ಕೆ ನೆಲದ ವಾಹನ ತಾಗಿತ್ತು. ತಾಗಿಸಿದವನು ಆಗ ಹೇಳಲಿಲ್ಲ. ಸುಮಾರು 26,000 ಅಡಿ ಎತ್ತರದಲ್ಲಿ ಆ ಜಾಗ ಹರಿದು ಒಂದಡಿ ಉದ್ದದ ತೂತಾಯಿತು, ಒಳಗಿನ ಗಾಳಿಯ ಒತ್ತಡ ಕುಸಿಯಿತು. ವಿಮಾನ ಹಿಂದಿರುಗಿ ಕ್ಷೇಮವಾಗಿ ಇಳಿಯಿತು, ಪುಣ್ಯ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್ ವಿಮಾನದ ಚಾವಣಿ ಹಾರಿಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರಲ್ಲ, ಆ ವಿಮಾನ ಹತ್ತುವಾಗಲೇ ಪ್ರಯಾಣಿಕರೊಬ್ಬರು ಅದರ ಮೈಮೇಲೆ ಬಿರುಕು ಕಂಡಿದ್ದರು. ಅವರೂ ಯಾರಿಗೂ ಹೇಳಲಿಲ್ಲ.

ಲೋಹದ ಮೈಯಾದರೆ ನೆಗ್ಗಾದರೂ ಕಾಣುತ್ತದೆ. ಈಗಿನ ವಿಮಾನಗಳದ್ದು ಬೇರೆಯೇ ಕಥೆ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧದಷ್ಟು ಕಾರ್ಬನ್ ನಾರಿನ ಪದರಗಳನ್ನು ಅಂಟಿನಿಂದ ಬೆಸೆದಂಥ ಸಂಯುಕ್ತ ವಸ್ತು. ಅದಕ್ಕೆ ಮೊಂಡಾದ ವಸ್ತು ಗುದ್ದಿದರೆ ಮೇಲ್ಮೈ ಹಿಂದಕ್ಕೆ ಪುಟಿದು ಮೊದಲಿನಂತೆಯೇ ನಿಲ್ಲಬಹುದು, ಬಣ್ಣವೂ ಕೆಡದೆ ಇರಬಹುದು, ಆದರೆ ಒಳಗೆ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿರಬಹುದು. ನನ್ನ ಟಾರ್ಚಿಗೆ ಅದು ಕಾಣದು. ಶ್ರವಣಾತೀತ ತರಂಗದ (ಅಲ್ಟ್ರಾಸೌಂಡ್) ಉಪಕರಣ ತಂದು ನೋಡಬೇಕು. ಎಲ್ಲಿ ನೋಡಬೇಕು ಎಂದು ಹೇಳಲು ತಾಗಿಸಿದವನನ್ನು ಬಿಟ್ಟರೆ ಇನ್ನಾರಿದ್ದಾರೆ?

“ಹಾಗಾದರೆ ಅಜಾಗರೂಕತೆಗೆ ಶಿಕ್ಷೆಯೇ ಬೇಡವೇ?” ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕುಡಿದು ಓಡಿಸಿದರೆ ಕೆಲಸದಿಂದ ತೆಗೆಯಿರಿ, ನಾನೇ ಮುಂದೆ ನಿಲ್ಲುತ್ತೇನೆ. ಆದರೆ ಕತ್ತಲಲ್ಲಿ, ಮಳೆಯಲ್ಲಿ, ಬೇಗ ಬೇಗ ಎಂದು ಬೆನ್ನ ಹಿಂದೆ ನಿಂತು ಕೂಗುವವರ ನಡುವೆ ಒಂದು ಅಂಗುಲ ತಪ್ಪಿದವನನ್ನು, ಅದೂ ತಾನಾಗಿ ಬಂದು ಒಪ್ಪಿಕೊಂಡವನನ್ನು, ತಪ್ಪು ಮುಚ್ಚಿಟ್ಟವನ ಸಾಲಿನಲ್ಲಿ ನಿಲ್ಲಿಸಬೇಡಿ.

ನಾನು ಇಷ್ಟು ಕೆರಳಲು ಕಾರಣವಿದೆ. ಒಬ್ಬ ಹಿರಿಯರನ್ನು ಬಿಟ್ಟರೆ ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ತಳ್ಳುತ್ತಿದ್ದ ಏಣಿ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಚಾಚುವ ಹಲಗೆಯಂಥ ಫ್ಲ್ಯಾಪ್‌ಗೆ ತಾಗಿತ್ತು. ಉಗುರಿನಷ್ಟು ಬಣ್ಣ ಎದ್ದಿತ್ತು. ಹೆಬ್ಬೆರಳಿನಿಂದ ಉಜ್ಜಿ ಸುಮ್ಮನಾದೆ. ವಿಮಾನ ಹಾರಿತು. ಮನೆಗೆ ಹೋಗಿ ಮಲಗಿದರೆ ನಿದ್ದೆ ಹತ್ತಲಿಲ್ಲ; ಬೆಳಗಿನ ಜಾವ ಹಿರಿಯರೊಬ್ಬರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅವರು ಬೈಯಲಿಲ್ಲ. “ಯಾವ ರೆಕ್ಕೆ? ಎಷ್ಟನೇ ಫ್ಲ್ಯಾಪ್?” ಎಂದಷ್ಟೇ ಕೇಳಿ, ವಿಮಾನ ಇಳಿಯುವ ಊರಿಗೆ ತಿಳಿಸಿ ನೋಡಿಸಿದರು. ಏನೂ ಆಗಿರಲಿಲ್ಲ. ಅವರು ಆ ದಿನ ಗದರಿದ್ದರೆ ಎರಡನೆಯ ಸಲ ನಾನು ಫೋನ್ ಎತ್ತುತ್ತಿರಲಿಲ್ಲ.

ನಿನ್ನೆಯ ವರದಿಯಲ್ಲಿ, “ವಾಹನ ಓಡಿಸುತ್ತಿದ್ದವನೇ ಕೂಡಲೇ ಬಂದು ತಿಳಿಸಿದ್ದರಿಂದ ಪತ್ತೆಯಾಯಿತು” ಎಂದು ಬರೆದೆ. ಆ ಸಾಲು ಬೇಡ, ತೆಗೆಯಿರಿ ಎಂದು ಮೇಲ್ವಿಚಾರಕ ಎರಡು ಸಲ ಹೇಳಿದ. ನಾನು ತೆಗೆಯಲಿಲ್ಲ. ಇವತ್ತು ರಾತ್ರಿ ಪಾಳಿಗೆ ಹೋದ ಕೂಡಲೇ ಆ ಹುಡುಗನನ್ನು ಹುಡುಕಿ ಅದರ ಪ್ರತಿಯನ್ನು ತೋರಿಸುತ್ತೇನೆ.