ಯಾವ ಪೈಕಿ?

ಕಳೆದ ತಿಂಗಳು ರಜೆಗೆ ದಾವಣಗೆರೆಗೆ ಬಂದಿದ್ದೆ. ತಮ್ಮನ ಜೊತೆ ಕೆಲಸ ಮಾಡುವ ಹುಡುಗನಿಗೆ ಬಾಡಿಗೆ ಮನೆ ನೋಡಲು ವಿನೋಬನಗರಕ್ಕೆ ಹೋದೆವು. ಮಾಲೀಕರು ಗೇಟಿನ ಚಿಲಕ ಹಿಡಿದುಕೊಂಡೇ ಕೇಳಿದರು, "ಯಾವ ಪೈಕಿ?" ಹುಡುಗ ಹೇಳಿದ. "ಬೇಜಾರ್ ಮಾಡ್ಕೋಬೇಡ್ರಿ, ನಿನ್ನೇನೇ ಬೇರೆಯವ್ರಿಗೆ ಮಾತಾಗೇತಿ." ಬಾಡಿಗೆಯ ಬೋರ್ಡು ಗೇಟಿಗೆ ತೂಗುತ್ತಲೇ ಇತ್ತು. ಹುಡುಗನ ಹೆಂಡತಿ ಸೊಂಟದ ಮೇಲಿದ್ದ ಮಗುವನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿಕೊಂಡಳು.

ನನಗೆ ಪೆಂಬಾ ನೆನಪಾಯಿತು. ಮೊಜಾಂಬಿಕ್‌ನ ಆ ಕಡಲೂರಿನಲ್ಲಿ ನಾನು ಅಂಗಡಿ ಲೆಕ್ಕ ಬರೆಯುತ್ತೇನೆ. 2021ರ ಮಾರ್ಚ್ 24ರಂದು ಅದೇ ಕರಾವಳಿಯ ಪಾಲ್ಮಾ ಪಟ್ಟಣದ ಮೇಲೆ ಉಗ್ರರು ಬಿದ್ದರು. ಜನ ಕಾಡಿಗೆ, ಕಡಲಿಗೆ ಓಡಿದರು. ಅಮರುಲಾ ಹೋಟೆಲಿನಲ್ಲಿ ಅಡಗಿದ್ದವರು ಗಾಡಿಗಳಲ್ಲಿ ಹೊರಟಾಗ ಉಗ್ರರು ದಾರಿಯಲ್ಲಿ ಕಾದು ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಒಂದೇ ಹಡಗಿನಲ್ಲಿ ಸಾವಿರಕ್ಕೂ ಜಾಸ್ತಿ ಜನ ಪೆಂಬಾಕ್ಕೆ ಬಂದಿಳಿದರು.

ನಮ್ಮ ಪಕ್ಕದ ಮನೆಯ ಅಮ್ಮ ಮೀನು ಮಾರಿ ಬದುಕುವವರು. ಎರಡೇ ಕೋಣೆ. ಅವತ್ತು ಸಂಜೆ ನನ್ನ ಬಾಗಿಲಿಗೆ ಬಂದು ಕೇಳಿದ್ದು ಒಂದೇ ಮಾತು: ದೊಡ್ಡ ಪಾತ್ರೆ ಇದೆಯಾ? ಊರಿಂದ ಅವ್ವ ಕಟ್ಟಿಕೊಟ್ಟಿದ್ದ ತಪ್ಪೇಲಿ ಕೊಟ್ಟೆ. ಹಿಂದೆಯೇ ಹೋಗಿ ನೋಡಿದರೆ ಅಂಗಳದಲ್ಲಿ ಹನ್ನೊಂದು ಜನ. ಒಬ್ಬ ಹುಡುಗಿಯ ಕಾಲಲ್ಲಿ ಒಂದೇ ಚಪ್ಪಲಿ. ಶಿಮಾ ಬೇಯಿಸಿದರು, ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಎಲ್ಲರೂ ಒಂದೇ ತಟ್ಟೆ ಸುತ್ತ ಕೂತರು. ನಿಮ್ಮ ನೆಂಟರಾ ಎಂದೆ. ಅಲ್ಲ, ಹಡಗಿನವರು ಎಂದರು. ಅಷ್ಟೇ. ಆ ಪ್ರಾಂತ್ಯದಲ್ಲಿ ಊರು ಬಿಟ್ಟವರಲ್ಲಿ ಹೆಚ್ಚಿನವರು ಇದ್ದದ್ದು ಸರ್ಕಾರದ ಶಿಬಿರಗಳಲ್ಲಲ್ಲ, ಹೀಗೆ ಮನೆಗಳಲ್ಲೇ.

ದಾವಣಗೆರೆಯಲ್ಲಿ ನನ್ನನ್ನು ಕೇಳುವುದು ಗ್ಯಾಸ್ ಯೋಜನೆಯ ಬಗ್ಗೆ. ಪಾಲ್ಮಾ ಪಕ್ಕದ ಆ ಯೋಜನೆಯಲ್ಲಿ ನಮ್ಮ ದೇಶದ ಕಂಪನಿಗಳದ್ದೂ ಶೇ. 30ರಷ್ಟು ಪಾಲಿದೆ, ದಾಳಿಯಾದ ಮೇಲೆ ಕೆಲಸ ನಿಂತಿತು. ಕೇಳಲಿ, ತಪ್ಪಲ್ಲ. ಆದರೆ ಆ ಜನ ಏನಾದರು ಅಂತ ಒಬ್ಬರೂ ಕೇಳಲಿಲ್ಲ. ಹೊಟ್ಟೆ ಉರಿಯುತ್ತದೆ.

ಪೆಂಬಾದಲ್ಲೂ ಎಲ್ಲ ಚೆನ್ನಾಗಿತ್ತು ಅಂತಲ್ಲ. ಬಂದವರಲ್ಲಿ ಹರೆಯದ ಗಂಡಸರನ್ನು ಪೊಲೀಸರು ಉಗ್ರರೇನೋ ಎಂದು ಅನುಮಾನದಿಂದಲೇ ನೋಡಿದರು. ತಿಂಗಳು ಕಳೆದಂತೆ ಆ ಅಮ್ಮನ ಮನೆಯಲ್ಲೂ ಹಿಟ್ಟಿಗೆ ಜಗಳವಾಯಿತು. ಜುಲೈನಲ್ಲಿ ಉಗ್ರರನ್ನು ಹತ್ತಿಕ್ಕಲು ರುವಾಂಡಾದ ಸೈನಿಕರು ಬಂದರು. ಆಮೇಲೆ ಆ ಹನ್ನೊಂದು ಜನರಲ್ಲಿ ಕೆಲವರು ವಾಪಸ್ ಹೊರಟಾಗ ಆಕೆ ಅಳಲಿಲ್ಲ, ನಿಟ್ಟುಸಿರು ಬಿಟ್ಟರು.

ನಮ್ಮ ಅಜ್ಜ ಹತ್ತಿ ಮಿಲ್ಲಿನ ಕೆಲಸಕ್ಕೆ ಬರಿಗೈಲಿ ದಾವಣಗೆರೆಗೆ ಬಂದಾಗ ಯಾರೋ ಪಡಸಾಲೆಯಲ್ಲಿ ಆರು ತಿಂಗಳು ಜಾಗ ಕೊಟ್ಟಿದ್ದರಂತೆ. ಅದೂ ಇದೇ ಊರೇ, ಅಲ್ವಾ? ಹುಡುಗನಿಗೂ ಕೊನೆಗೆ ನಿಟ್ಟುವಳ್ಳಿಯಲ್ಲಿ ಮನೆ ಸಿಕ್ಕಿತು. ಆ ಮನೆಯಾಕೆ ಪೈಕಿ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದರು, ನಾವು ಹಿಂದೆ ಹೋದೆವು.